ಆ್ಯಡಿ ಲಾರೂ ಓದಿದ್ದು, ನಿಧಾನಕ್ಕೆ

ಸಾವಿಲ್ಲದವರ ಕಥೆ ಅಂದರೆ ನನಗೆ ಮೊದಲಿಂದಲೂ ಸ್ವಲ್ಪ ಅನುಮಾನ. ಸಾಯುವುದೇ ಇಲ್ಲ ಅಂದಮೇಲೆ ಓದುವವರಿಗೆ ಭಯ ಎಲ್ಲಿಂದ ಬರಬೇಕು? ಸಾಲದ್ದಕ್ಕೆ ವಿ. ಇ. ಶ್ವಾಬ್ ಅವರ ‘ದಿ ಇನ್‌ವಿಸಿಬಲ್ ಲೈಫ್ ಆಫ್ ಆ್ಯಡಿ ಲಾರೂ’ ಬಗ್ಗೆ ಯಾರನ್ನು ಕೇಳಿದರೂ ಒಂದೇ ಮಾತು: ಚೆನ್ನಾಗಿದೆ, ಆದರೆ ಸಿಕ್ಕಾಪಟ್ಟೆ ಸ್ಲೋ. 2020ರಲ್ಲಿ ಬಂದ ಕಾದಂಬರಿ, ನಾನೂರು ಪುಟಕ್ಕೂ ಜಾಸ್ತಿ. ನನ್ನ ಅಕ್ಕನ ಮಗಳು ಅದನ್ನು ಓದಿ, ಅತ್ತು, ಮತ್ತೆ ಓದಿ, ಕೊನೆಗೆ ನನಗೆ ಗಂಟುಹಾಕಿದಳು. “ಚಿಕ್ಕಮ್ಮಾ, ನೂರು ಪೇಜ್ ದಾಟೋವರೆಗೂ ಏನೂ ಹೇಳ್ಬೇಡ” ಅಂತ ಷರತ್ತು ಬೇರೆ.

ಷರತ್ತು ಪಾಲಿಸಿದೆ. ಏನೂ ಹೇಳಲಿಲ್ಲ. ಓದುವುದೂ ಬಹಳ ದಿನ ಆಗಲಿಲ್ಲ.

ಇಲ್ಲಿಂದ ಮುಂದೆ ಕಥೆಯ ಕೊನೆಯವರೆಗೂ ಹೇಳಿಬಿಡುತ್ತೇನೆ. ಓದಬೇಕು ಅಂತ ಇಟ್ಟುಕೊಂಡಿರುವವರು ಇಲ್ಲೇ ನಿಲ್ಲಿಸಬಹುದು.

ಫ್ರಾನ್ಸಿನ ಸಾರ್ಥ್ ನದಿಯ ದಂಡೆಯಲ್ಲಿ ವಿಯೋನ್ ಅನ್ನೋ ಪುಟ್ಟ ಹಳ್ಳಿ. ಹಳ್ಳಿ ಲೇಖಕಿಯ ಕಲ್ಪನೆ, ನದಿ ನಿಜವಾದದ್ದು. ಹತ್ತಿರದ ಪೇಟೆ ಲ ಮಾನ್ ಕೂಡ ನಿಜವಾದದ್ದು, ಈಗ ಕಾರ್ ರೇಸಿಗೆ ಹೆಸರಾಗಿರುವ ಊರು. ಅಪ್ಪ ಮರದ ಕೆತ್ತನೆಯವನು. ಮಾಡಿದ್ದನ್ನು ಲ ಮಾನ್ ಸಂತೆಗೆ ಒಯ್ದು ಮಾರುತ್ತಾನೆ. ಮಗಳು ಆಡಲೀನ್, ಅಂದರೆ ಆ್ಯಡಿ, ಹುಟ್ಟಿದ್ದು 1691ರಲ್ಲಿ. ಚಿಕ್ಕವಳಿದ್ದಾಗ ಅಪ್ಪನ ಗಾಡಿಯಲ್ಲಿ ಆ ಸಂತೆ ನೋಡಿ ಬಂದವಳು. ಅಲ್ಲಿಂದ ಅವಳಿಗೆ ಹಳ್ಳಿ ಚಿಕ್ಕದಾಗಿಬಿಡುತ್ತದೆ. 1714ರ ಜುಲೈ 29ರಂದು ಅವಳ ಮದುವೆ. ಗಂಡು, ಹೆಂಡತಿ ತೀರಿಕೊಂಡ, ಮಕ್ಕಳಿರುವ ಒಬ್ಬ. ಆ ಸಂಜೆ ಅವಳು ಕಾಡಿಗೆ ಓಡಿಹೋಗುತ್ತಾಳೆ. ಕತ್ತಲಾದ ಮೇಲೆ ಓಗೊಡುವ ದೇವರುಗಳ ಸಹವಾಸಕ್ಕೆ ಮಾತ್ರ ಹೋಗಬೇಡ ಅಂತ ಹಳ್ಳಿಯ ಮುದುಕಿ ಎಸ್ತೆಲ್ ಅವಳಿಗೆ ಹೇಳಿಕೊಟ್ಟಿರುತ್ತಾಳೆ. ಆ್ಯಡಿ ಬೇಡಿಕೊಳ್ಳುತ್ತಾ ಕೂರುತ್ತಾಳೆ. ಯಾರೂ ಬರುವುದಿಲ್ಲ. ಸೂರ್ಯ ಮುಳುಗಿದ್ದು ಅವಳ ಗಮನಕ್ಕೆ ಬರುವುದಿಲ್ಲ. ಆಗ ಒಬ್ಬ ಬರುತ್ತಾನೆ.

ಯಾರ ಸ್ವತ್ತೂ ಆಗದೆ ಬದುಕಬೇಕು, ಅದಕ್ಕೆ ಬೇಕಾದಷ್ಟು ಕಾಲ ಬೇಕು ಅಂತ ಕೇಳುತ್ತಾಳೆ. ಬದುಕು ಸಾಕು ಅನಿಸಿದ ದಿನ ನನ್ನ ಆತ್ಮ ನಿನ್ನದು ಅನ್ನುತ್ತಾಳೆ. ಅವನು ಒಪ್ಪುತ್ತಾನೆ. ಅವಳು ಸಾಯುವುದಿಲ್ಲ, ಅವಳಿಗೆ ವಯಸ್ಸೂ ಆಗುವುದಿಲ್ಲ. ಆದರೆ ಯಾರಿಗೂ ಅವಳ ನೆನಪು ಉಳಿಯುವುದಿಲ್ಲ. ಬಾಗಿಲು ಮುಚ್ಚಿದರೆ ಸಾಕು, ಮರೆತುಹೋಗುತ್ತಾರೆ. ಅವಳು ತನ್ನ ಹೆಸರು ಹೇಳುವಂತಿಲ್ಲ. ಬರೆದರೆ ಶಾಯಿ ಅಳಿಸಿಹೋಗುತ್ತದೆ. ಹಸಿವು, ಚಳಿ ಎಲ್ಲ ಆಗುತ್ತದೆ, ಪ್ರಾಣ ಮಾತ್ರ ಹೋಗುವುದಿಲ್ಲ.

ಇಷ್ಟು ಹೊತ್ತಿಗೆ ಕಥೆ ಓಡಬೇಕು ಅಲ್ವಾ? ಓಡುವುದಿಲ್ಲ. ಒಂದು ಅಧ್ಯಾಯ 2014ರ ನ್ಯೂಯಾರ್ಕ್, ಮುಂದಿನದು ಹದಿನೆಂಟನೇ ಶತಮಾನದ ಫ್ರಾನ್ಸ್. ಹೀಗೆ ಹಿಂದೆ ಮುಂದೆ. ಎರಡೂ ಕಡೆ ನಡೆಯುವುದು ಅದೇ. ಅವಳು ಯಾರಿಗೋ ಪರಿಚಯ ಆಗುತ್ತಾಳೆ, ಅವರು ಮರೆಯುತ್ತಾರೆ. ಇನ್ನೊಬ್ಬರಿಗೆ ಪರಿಚಯ ಆಗುತ್ತಾಳೆ, ಅವರೂ ಮರೆಯುತ್ತಾರೆ. ನಾನು ಫೋನಿನಲ್ಲಿ ಓದುತ್ತಿದ್ದೆ. ಕೆಳಗಡೆ ಮೂಲೆಯಲ್ಲಿ ಶೇಕಡಾ ಎಷ್ಟು ಓದಿದ್ದಾಯಿತು ಅಂತ ತೋರಿಸುತ್ತದಲ್ಲ, ಕಣ್ಣು ಕಥೆಗಿಂತ ಜಾಸ್ತಿ ಅದರ ಮೇಲೇ. ರಾತ್ರಿ ಮಲಗುವ ಮುಂಚೆ ನಾಲ್ಕು ಪುಟ, ಆಮೇಲೆ ನಿದ್ದೆ. ಮರುದಿನ ಎಲ್ಲಿ ನಿಲ್ಲಿಸಿದ್ದೆ ಅಂತ ಗೊತ್ತಾಗದೆ ಹಿಂದಿನ ಪುಟಗಳನ್ನೇ ಮತ್ತೆ ಓದುವುದು. ಆ್ಯಡಿಯನ್ನು ಮರೆಯುವವರ ಸಾಲಿಗೆ ನಾನೂ ಸೇರಿಕೊಂಡಿದ್ದೆ.

ಆಮೇಲೆ ಆಡಿಯೋ ಪುಸ್ತಕ ತಗೊಂಡೆ. ಜೂಲಿಯಾ ವೇಲನ್ ಓದಿದ್ದಾರೆ, ಸುಮಾರು 17 ಗಂಟೆ. ಬೆಳಗಿನ ವಾಕಿಂಗಿಗೆ ಕಿವಿಗೆ ಹಾಕಿಕೊಂಡು ಹೊರಟರೆ ಮುಗಿದೇ ಹೋಗುತ್ತೆ ಅನ್ನೋ ಲೆಕ್ಕ. ಮೊದಮೊದಲು ಒಂದೂವರೆ ಪಟ್ಟು ವೇಗಕ್ಕೆ ಇಟ್ಟೆ. ವಾಟ್ಸಾಪಿನ ವಾಯ್ಸ್ ಮೆಸೇಜನ್ನು ನಾವೆಲ್ಲ ಕೇಳುವುದು ಹಾಗೇ ತಾನೆ. ಕಥೆ ನಿಜವಾಗಲೂ ಸರಸರ ಸಾಗಿತು. ಇಸಬೆಲ್ಲಾಳ ಮನೆಯ ಪ್ರಸಂಗ ಬಂದಿದ್ದು ಆಗ.

ಇಸಬೆಲ್ಲ ಆ್ಯಡಿಯ ಗೆಳತಿ, ಒಟ್ಟಿಗೆ ಬೆಳೆದವಳು, ಈಗ ಮದುವೆಯಾಗಿ ಮಕ್ಕಳ ತಾಯಿ. ಕಾಡಿನಿಂದ ವಾಪಸ್ ಬಂದ ಆ್ಯಡಿಯನ್ನು ಹೆತ್ತ ತಾಯಿಯೇ ಗುರುತಿಸಿಲ್ಲ. ಯಾರಮ್ಮಾ ನೀನು ಅಂತ ಬಾಗಿಲಲ್ಲೇ ನಿಲ್ಲಿಸಿದ್ದಾಳೆ. ಅಪ್ಪನೂ ಅಷ್ಟೆ. ದೇವರುಗಳ ಬಗ್ಗೆ ಎಚ್ಚರಿಸಿದ್ದ ಎಸ್ತೆಲ್ ಕೂಡ ಅಷ್ಟೆ. ಕೊನೆಗೆ ಇಸಬೆಲ್ಲಾಳ ಬಾಗಿಲಿಗೆ ಬರುತ್ತಾಳೆ. ಅವಳಿಗೂ ಗುರುತು ಸಿಗುವುದಿಲ್ಲ, ಆದರೆ ಸ್ವಭಾವ ಒಳ್ಳೆಯದು, ಒಳಗೆ ಕರೆಯುತ್ತಾಳೆ, ಉಪಚಾರ ಮಾಡುತ್ತಾಳೆ. ಗೆಳತಿ ಅಂತ ಗೊತ್ತಿಲ್ಲದಿದ್ದರೇನು, ಹೊಸದಾಗಿ ಪರಿಚಯ ಮಾಡಿಕೊಂಡರಾಯಿತು ಅಂತ ಆ್ಯಡಿಗೆ ಒಂದು ಸಣ್ಣ ಆಸೆ ಹುಟ್ಟುತ್ತದೆ. ಅಷ್ಟರಲ್ಲಿ ಇಸಬೆಲ್ಲ ಒಂದು ಗಳಿಗೆ ಆಚೆ ಹೋಗಿ ಬರುತ್ತಾಳೆ. ಬಂದವಳು ತನ್ನ ಮನೆಯೊಳಗೆ ಗುರುತಿಲ್ಲದ ಹೆಂಗಸು ಕೂತಿರುವುದನ್ನು ನೋಡಿ ಬೆಚ್ಚಿಬೀಳುತ್ತಾಳೆ. ತಾನೇ ಕರೆದದ್ದು, ತಾನೇ ಕೂರಿಸಿದ್ದು, ಯಾವುದೂ ಅವಳಿಗೆ ಗೊತ್ತಿಲ್ಲ.

ಒಂದೂವರೆ ಪಟ್ಟಿನಲ್ಲಿ ಇದು ಟಿವಿಯ ಹೆಡ್‌ಲೈನ್ಸ್ ಥರ ಕಿವಿ ಮೇಲೆ ಹಾದುಹೋಯಿತು. ಏನೋ ತಪ್ಪಿದೆ ಅನಿಸಿ ಪಾರ್ಕಿನ ಕಟ್ಟೆ ಮೇಲೆ ಕೂತು ಹಿಂದಕ್ಕೆ ಎಳೆದೆ. ವೇಗ ಮಾಮೂಲಿಗೆ ಇಟ್ಟು ಮತ್ತೆ ಕೇಳಿದೆ. ಈ ಸಲ ಆ ಸಣ್ಣ ಆಸೆ ಹುಟ್ಟುವ ಜಾಗ ಸ್ಪಷ್ಟವಾಗಿ ಕೇಳಿಸಿತು. ಅಲ್ಲಿ ಏನೂ ನಡೆಯುವುದಿಲ್ಲ, ಅವಳು ಸುಮ್ನೆ ಕೂತಿರುತ್ತಾಳೆ. ಆ ಕೂತಿರುವ ಹೊತ್ತು ಇಲ್ಲದಿದ್ದರೆ ಮುಂದಿನ ಪೆಟ್ಟು ಬೀಳುವುದೇ ಇಲ್ಲ. ಅವಳಿಗೆ ಕೈಲಿ ಇರುವುದು ಬಾಗಿಲು ಮುಚ್ಚುವವರೆಗಿನ ಸಮಯ ಅಷ್ಟೇ. ಅದನ್ನು ಕತ್ತರಿಸಿ ಹಾಕಿದರೆ ಕಾದಂಬರಿಯಲ್ಲಿ ಉಳಿಯುವುದು ಶಾಪದ ನಿಯಮಗಳ ಪಟ್ಟಿ.

ಅವತ್ತಿನಿಂದ ನಾನು ಓದುವ ರೀತಿ ಬದಲಾಯಿತು. ಶೇಕಡಾ ಕಾಣದ ಹಾಗೆ ಮಾಡಿಕೊಂಡೆ. ಆಮೇಲೆ ಫೋನೂ ಬೇಡ ಅಂತ ಹುಡುಗಿ ಕೊಟ್ಟಿದ್ದ ಪುಸ್ತಕವನ್ನೇ ತೆಗೆದೆ. ಕಾಲ ಹಿಂದೆ ಮುಂದೆ ಹಾರುವುದರಿಂದ, ಪ್ರತಿ ಅಧ್ಯಾಯದ ವರ್ಷವನ್ನು ಕೊನೆಯ ಖಾಲಿ ಹಾಳೆಯಲ್ಲಿ ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋದೆ. ಹಾಳೆ ತುಂಬುತ್ತಾ ಬಂದಾಗ ಒಂದು ವಿಷಯ ಎದ್ದು ಕಂಡಿತು. ಹಳೆಯ ಕಾಲದ ಅಧ್ಯಾಯಗಳಲ್ಲಿ ಜುಲೈ 29 ಮತ್ತೆ ಮತ್ತೆ ಬರುತ್ತದೆ. ಒಪ್ಪಂದ ಮಾಡಿಕೊಂಡ ದಿನ ಅದು. ಆ ದಿನ ಕತ್ತಲೆಯ ಆಸಾಮಿ ಬಂದು ಸಾಕಾಯ್ತಾ ಅಂತ ಕೇಳುತ್ತಾನೆ. ಇಲ್ಲ ಅನ್ನುತ್ತಾಳೆ. ಕೆಲವು ವರ್ಷ ಬರುವುದೇ ಇಲ್ಲ, ಬೇಕಂತಲೇ. ಅವನಿಗೆ ಲೂಕ್ ಅಂತ ಹೆಸರಿಟ್ಟವಳು ಅವಳೇ. ಜಗತ್ತಿನಲ್ಲಿ ಅವಳನ್ನು ಮರೆಯದೇ ಇರುವವನು ಅವನೊಬ್ಬನೇ. ಹಾಗಾಗಿ ಅವನನ್ನು ದ್ವೇಷಿಸುತ್ತಲೇ ಅವನಿಗೋಸ್ಕರ ಕಾಯುವ ಪರಿಸ್ಥಿತಿ. ಆ ಹಾಳೆ ಇಲ್ಲದಿದ್ದರೆ ಅವನು ಬಾರದ ವರ್ಷಗಳು ನನ್ನ ಗಮನಕ್ಕೇ ಬರುತ್ತಿರಲಿಲ್ಲ.

ಪ್ಯಾರಿಸ್ಸಿನ ಮೊದಲ ವರ್ಷಗಳ ಭಾಗ ಪುಸ್ತಕದಲ್ಲೇ ಗಟ್ಟಿಯಾದದ್ದು. ಬಾಡಿಗೆ ಕೊಟ್ಟ ಕೋಣೆಯಲ್ಲೂ ಅವಳಿಗೆ ನೆಲೆಯಿಲ್ಲ, ಯಜಮಾನಿಗೆ ದುಡ್ಡು ಇಸ್ಕೊಂಡಿದ್ದು ನೆನಪಿರಬೇಕಲ್ಲ! ಕೂಲಿ ಸಿಗುವುದಿಲ್ಲ, ಸಂಬಳ ಕೊಡುವವನಿಗೆ ಕೆಲಸ ಮಾಡಿದವಳು ನೆನಪಿಲ್ಲ. ಉಳಿಯುವ ದಾರಿ ಎರಡು, ಮೈ ಮಾರಿಕೊಳ್ಳುವುದು, ಇಲ್ಲಾ ಕದಿಯುವುದು. ಎರಡನ್ನೂ ಮಾಡುತ್ತಾಳೆ. ಒಂದು ಚಳಿಗಾಲ ಬೀದಿಯಲ್ಲಿ ಹೆಪ್ಪುಗಟ್ಟಿ ಬಿದ್ದವಳನ್ನು ಸತ್ತಳು ಅಂದುಕೊಂಡು ಹೆಣದ ಗಾಡಿಗೆ ಎತ್ತಿಹಾಕುತ್ತಾರೆ. ಅಲ್ಲೇ ಅವಳಿಗೆ ಎಚ್ಚರ ಆಗುತ್ತದೆ. ಶ್ವಾಬ್ ಇಲ್ಲಿ ಅಮರತ್ವವನ್ನು ತತ್ವ ಮಾಡದೆ ಹೊಟ್ಟೆಪಾಡು ಮಾಡಿದ್ದಾರೆ. ನನಗೆ ಹಿಡಿಸಿದ್ದು ಅದು. ಸಾವಿಲ್ಲದವಳಿಗೂ ಸಂಜೆ ಊಟಕ್ಕೆ ಏನು ಅನ್ನೋ ಪ್ರಶ್ನೆ ಇದೆ.

ನ್ಯೂಯಾರ್ಕಿನ ಮೊದಲ ಅಧ್ಯಾಯವೂ ಚೆನ್ನಾಗಿದೆ. 2014ರ ಮಾರ್ಚಿನ ಒಂದು ಬೆಳಗ್ಗೆ. ಟೋಬಿ ಅನ್ನೋ ಸಂಗೀತಗಾರನ ಕೋಣೆ. ಆ್ಯಡಿ ಅವನ ಜೊತೆ ಇದ್ದದ್ದು ಅದೇ ಮೊದಲ ರಾತ್ರಿ ಅಲ್ಲ, ಅವನಿಗೆ ಮಾತ್ರ ಪ್ರತಿ ಸಲವೂ ಮೊದಲನೆಯದು. ಎದ್ದವನು ಪಕ್ಕದಲ್ಲಿ ಇರುವವಳನ್ನು ನೋಡಿ ಮುಜುಗರ ಪಡುತ್ತಾನೆ. ಕುಡಿದದ್ದು ಜಾಸ್ತಿ ಆಯ್ತೇನೋ, ಹೆಸರು ಕೇಳಿದರೆ ಏನಂದುಕೊಳ್ಳುತ್ತಾಳೋ ಅಂತ ಒದ್ದಾಡುತ್ತಾನೆ. ಅವಳಿಗೆ ಆ ಒದ್ದಾಟದ ಒಂದೊಂದು ಹಂತವೂ ಬಾಯಿಪಾಠ. ಅವನು ಒಂದು ಹಾಡು ಕಟ್ಟುತ್ತಿರುತ್ತಾನೆ. ಆ ರಾಗ ಅವಳು ಹೇಳಿಕೊಟ್ಟದ್ದು. ಅವಳು ಅವನಿಗೆ ಮರೆತುಹೋಗಿದ್ದಾಳೆ, ರಾಗ ಕೈಬೆರಳಲ್ಲಿ ಉಳಿದಿದೆ. ಎಲ್ಲಿಂದ ಬಂತು ಅಂತ ಅವನಿಗೇ ಗೊತ್ತಿಲ್ಲ.

ಶಾಪದಲ್ಲಿ ಇರುವ ಸಂದು ಇದೇ. ಅವಳ ನೆನಪು ಉಳಿಯುವುದಿಲ್ಲ, ಅವಳು ಬಿತ್ತಿದ ಕಲ್ಪನೆ ಉಳಿಯುತ್ತದೆ. ಪುಸ್ತಕದಲ್ಲಿ ಏಳು ಭಾಗ ಇವೆ. ಪ್ರತಿ ಭಾಗದ ಮೊದಲು ಒಂದು ಕಲಾಕೃತಿಯ ವಿವರ ಬರುತ್ತದೆ, ಮ್ಯೂಸಿಯಮ್ಮಿನ ಗೋಡೆಗೆ ಅಂಟಿಸುವ ಚೀಟಿಯ ಹಾಗೆ: ಕೃತಿಯ ಹೆಸರು, ಕಲಾವಿದ, ಕಾಲ, ಯಾವುದರಲ್ಲಿ ಮಾಡಿದ್ದು, ಅಂದಾಜು ಬೆಲೆ. ಮೊದಲನೆಯದು ಐದು ಮರದ ಹಕ್ಕಿಗಳು, ಅವಳ ಅಪ್ಪನ ಕೆತ್ತನೆಗೆ ನಂಟಿರುವಂಥವು. ಆ್ಯಡಿಯ ಮುಖದಲ್ಲಿ ನಕ್ಷತ್ರಪುಂಜದ ಹಾಗೆ ಏಳು ಮಚ್ಚೆಗಳಿವೆ. ಶತಮಾನಗಳುದ್ದಕ್ಕೂ ಬೇರೆ ಬೇರೆ ಕಲಾವಿದರ ಕೆಲಸದಲ್ಲಿ ಆ ಏಳು ಚುಕ್ಕೆ ಇಣುಕುತ್ತವೆ. ಕಲೆಯ ಇತಿಹಾಸ ಓದುವ ಬಿಯಾ ಅನ್ನೋ ಹುಡುಗಿಗೆ ಇದು ಕಣ್ಣಿಗೆ ಬೀಳುತ್ತದೆ. ಆ ಚೀಟಿಗಳನ್ನು ಮೊದಲ ಸಲ ನಾನು ಹಾರಿಸಿಬಿಟ್ಟಿದ್ದೆ, ಬಹಳ ಜನ ಹಾರಿಸುತ್ತಾರೆ. ಹಾರಿಸಬೇಡಿ. ನಿಧಾನದ ಕಾದಂಬರಿಯಲ್ಲಿ ಲೇಖಕಿ ಗುಟ್ಟು ಬಿಟ್ಟಿರುವುದೇ ಅಲ್ಲಿ.

ಸಂಕ್ರಾಂತಿಯ ಹೊತ್ತು. ಅಮ್ಮ ಅವರೆಕಾಳು ನೆನೆಹಾಕಿದ್ದರು. ಇಬ್ಬರೂ ಕೂತು ಹಿಚುಕುತ್ತಾ ಇದ್ದೆವು. ಒಂದು ದೊಡ್ಡ ಪಾತ್ರೆ ಹಿತಕಬೇಳೆ ಆಗುವಷ್ಟರಲ್ಲಿ ಒಂದು ಕಾದಂಬರಿಯ ಕಥೆ ಪೂರ್ತಿ ಹೇಳಿಬಿಡಬಹುದು. ಹೇಳಿದೆ. ಅಮ್ಮ ಕೈ ನಿಲ್ಲಿಸದೆ ಕೇಳಿದರು. ಅರ್ಧಕ್ಕೆ ಬಂದಾಗ, “ಅಶ್ವತ್ಥಾಮನ ಕಥೆ ಅಲ್ವೇನೆ ಇದು?” ಅಂದರು.

ನಿಜ. ಸೌಪ್ತಿಕ ಪರ್ವದಲ್ಲಿ ಕೃಷ್ಣ ಅವನಿಗೆ ಕೊಡುವ ಶಾಪದಲ್ಲಿ ಬರೀ ಮೂರು ಸಾವಿರ ವರ್ಷದ ಅಲೆದಾಟ ಅಷ್ಟೇ ಇಲ್ಲ. ಜೊತೆಗೆ ಯಾರೂ ಇರಬಾರದು, ಯಾರೊಡನೆಯೂ ಮಾತಿರಬಾರದು, ಮೈಯಿಂದ ಕೀವು ರಕ್ತದ ನಾತ ಬರುತ್ತಿರಬೇಕು. ಬದುಕಿನ ಉದ್ದಕ್ಕಿಂತ ಒಂಟಿತನವೇ ಅಲ್ಲಿ ಶಿಕ್ಷೆ. ಆದರೆ ಅವನದು ಮಲಗಿದ್ದವರನ್ನು ಕೊಂದ ಪಾಪಕ್ಕೆ ಸಿಕ್ಕಿದ್ದು. ಆ್ಯಡಿ ಮಾಡಿದ ತಪ್ಪು ಮದುವೆ ಬೇಡ ಅಂದದ್ದು. ಇಷ್ಟನ್ನು ಅಮ್ಮನಿಗೂ ಹೇಳಿದೆ. ಅವರು ಒಂದು ಹಿಡಿ ಕಾಳು ತಮ್ಮ ಕಡೆ ಎಳೆದುಕೊಂಡು ಕೇಳಿದರು, “ಮುನ್ನೂರು ವರ್ಷ ಇದ್ದಳಲ್ಲ, ಅಡುಗೆ ಚೆನ್ನಾಗಿ ಕಲಿತಳಾ?”

ನಾನು ನಕ್ಕೆ. ಅವರು ನಗಲಿಲ್ಲ. “ಅಲ್ವೇ, ಗುರುತು ಉಳಿಯೋ ಕೆಲಸ ಮಾಡೋ ಹಾಗಿಲ್ಲ ಅಂದೆ. ಅಡುಗೆ ಎಲ್ಲುಳಿಯತ್ತೆ? ತಿಂದು ಕೈ ತೊಳೆದ್ರೆ ಮುಗೀತು. ಅದಕ್ಕೇನು ಅಡ್ಡಿ?”

ಅದಾದ ಮೇಲೆ ನನಗೆ ಪುಸ್ತಕ ಬೇರೆ ಥರ ಕಾಣತೊಡಗಿತು. ಆ್ಯಡಿಯ ಶಾಪವನ್ನು ಲೇಖಕಿ ಜಗತ್ತಿನಲ್ಲಿ ಯಾರಿಗೂ ಇಲ್ಲದ ಭಯಂಕರ ಶಿಕ್ಷೆ ಅನ್ನೋ ಹಾಗೆ ಬರೆದಿದ್ದಾರೆ. ಆದರೆ 1714ರ ಹಳ್ಳಿಯಲ್ಲಿ ಹೆಂಗಸರ ಕೆಲಸ ಬೇರೆ ಇನ್ನೇನಿತ್ತು? ಬೇಯಿಸಿದ್ದು ಖಾಲಿಯಾಗುತ್ತದೆ, ಒಗೆದದ್ದು ಕೊಳೆಯಾಗುತ್ತದೆ, ಹೊಲಿದದ್ದು ಹರಿಯುತ್ತದೆ. ಫ್ರಾನ್ಸಿನಲ್ಲಿ ಚರ್ಚಿನವರು ಜನರ ದಾಖಲೆ ಇಡಬೇಕು ಅಂತ 1539ರಲ್ಲೇ ರಾಜಾಜ್ಞೆ ಆಗಿತ್ತು. ಇಸಬೆಲ್ಲಳಂಥವಳ ಬದುಕು ಆ ಪುಸ್ತಕದಲ್ಲಿ ಮೂರು ನಾಲ್ಕು ಸಾಲು: ಹುಟ್ಟಿದಳು, ಮದುವೆಯಾದಳು, ಹೆತ್ತಳು, ಮಣ್ಣಾದಳು. ಶಾಪ ಹಾಕಿಸಿಕೊಳ್ಳದ ಇಸಬೆಲ್ಲಳೂ ನಾಲ್ಕು ತಲೆಮಾರಿನ ಮೇಲೆ ಯಾರಿಗೂ ನೆನಪಿಲ್ಲ. ಈ ಹೋಲಿಕೆ ಕಾದಂಬರಿಯ ಅಂಚಿನವರೆಗೂ ಬರುತ್ತದೆ. ಆ್ಯಡಿ ಬಹಳ ವರ್ಷದ ಮೇಲೆ ಊರಿಗೆ ಮರಳಿ ಹೋಗುವ ಭಾಗಗಳಲ್ಲಿ ಇನ್ನೇನು ಹೇಳಿಬಿಡುತ್ತಾರೆ ಅನಿಸುತ್ತದೆ. ಹೇಳದೆ ಮುಂದೆ ಹೋಗುತ್ತಾರೆ.

ಗುರುತು ಅಂದರೆ ಈ ಪುಸ್ತಕಕ್ಕೆ ಮ್ಯೂಸಿಯಮ್ಮಿನ ಗೋಡೆ. ಶಿಲ್ಪ, ಚಿತ್ರ, ಹಾಡು, ಕೊನೆಗೆ ಒಂದು ಪುಸ್ತಕ. ಎಲ್ಲದಕ್ಕೂ ಸಹಿ ಇನ್ನೊಬ್ಬರದು, ಹೆಚ್ಚಿನವರು ಗಂಡಸರು. ಆ್ಯಡಿ ಅವರಿಗೆ ಸ್ಫೂರ್ತಿ. ಸ್ಫೂರ್ತಿ ಆಗುವುದು ದೊಡ್ಡ ಗೆಲುವು ಅಂತ ಕಾದಂಬರಿ ಹೇಳಿದಾಗ ನನಗೆ ಪೂರ್ತಿ ಒಪ್ಪಿಗೆ ಆಗಲಿಲ್ಲ. ನಮ್ಮ ಬೀಸುವ ಪದಗಳನ್ನೇ ನೋಡಿ. ಬೀಸುಕಲ್ಲಿನ ಮುಂದೆ ಕೂತು ತ್ರಿಪದಿ ಕಟ್ಟಿದ ಹೆಂಗಸರ ಹೆಸರು ಒಂದೂ ಉಳಿದಿಲ್ಲ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದಾಗಲೂ ಸಂಗ್ರಹಿಸಿದವರ ಹೆಸರು ಇತ್ತು, ಕಟ್ಟಿದವರದು ಇರಲಿಲ್ಲ. ಆದರೆ ಆ ಹೆಂಗಸರು ಯಾರಿಗೋ ಸ್ಫೂರ್ತಿ ಆಗಿ ಉಳಿದವರಲ್ಲ. ಕಟ್ಟಿದವರು ಅವರೇ. ಬೀಸಿದ ಹಿಟ್ಟು ಅವತ್ತಿನ ರೊಟ್ಟಿಗೆ ಮುಗಿಯಿತು, ಪದ ಪಕ್ಕದ ಮನೆಗೆ ಹೋಯಿತು, ಅಲ್ಲಿಂದ ಇನ್ನೊಂದು ಊರಿಗೆ. ಹೆಸರಿಲ್ಲದೆ ಉಳಿಯುವ ಈ ದಾರಿ ಆ್ಯಡಿಗೆ ಮುನ್ನೂರು ವರ್ಷದಲ್ಲಿ ಹೊಳೆಯಲೇ ಇಲ್ಲವಾ? ಟೋಬಿಗೆ ರಾಗ ಹೇಳಿಕೊಟ್ಟ ಹಾಗೆ ನಾಲ್ಕು ಮನೆಯ ಮಕ್ಕಳಿಗೆ ಲಾಲಿಹಾಡು ಹೇಳಿಕೊಟ್ಟಿದ್ದರೆ? ಶಾಪ ತಡೆಯುತ್ತಿರಲಿಲ್ಲ. ಮ್ಯೂಸಿಯಮ್ಮಿಗೆ ಬರುತ್ತಿರಲಿಲ್ಲ, ಅಷ್ಟೇ.

ಅಕ್ಕನ ಮಗಳಿಗೆ ಇದನ್ನು ಹೇಳಿದಾಗ ಅವಳಿಗೆ ಸಿಟ್ಟು ಬಂತು. “ಅವಳು ಅಡುಗೆಮನೆ ಬಿಟ್ಟು ಓಡಿಹೋಗಿದ್ದೇ ಕಥೆ. ನೀವಿಬ್ರೂ ಸೇರಿ ಮತ್ತೆ ಅವಳನ್ನ ಅಡುಗೆಮನೆಗೇ ಕಳಿಸ್ತಿದ್ದೀರಲ್ಲ!” ಅಂದಳು. ಅದೂ ಸರಿಯೇ. ಆ ಜಗಳ ನಮ್ಮಲ್ಲಿ ಇನ್ನೂ ಮುಗಿದಿಲ್ಲ.

ಇತಿಹಾಸದ ವಿಷಯಕ್ಕೆ ಬಂದರೆ ನನ್ನ ತಕರಾರು ಇನ್ನೂ ಗಟ್ಟಿ. ಶ್ವಾಬ್ ಬಟ್ಟೆ, ಬೀದಿ, ದೀಪದ ಬೆಳಕು ಇವನ್ನೆಲ್ಲ ಚೆನ್ನಾಗಿ ಕಟ್ಟುತ್ತಾರೆ. ಪ್ಯಾರಿಸ್ಸಿನಲ್ಲಿ ಮಾದಾಮ್ ಜೊಫ್ರ್ಯಾನ್ ನಡೆಸುತ್ತಿದ್ದ ಸಲೋನಿಗೆ, ಅಂದರೆ ಮನೆಯಲ್ಲಿ ಸೇರುವ ಮಾತುಕತೆಯ ಕೂಟಕ್ಕೆ, ಆ್ಯಡಿ ಹೋಗುವ ಪ್ರಸಂಗ ಇದೆ. ಆ ಮಾದಾಮ್ ನಿಜವಾಗಿ ಇದ್ದವಳು. ದೊಡ್ಡ ದೊಡ್ಡ ಚಿಂತಕರನ್ನು, ಕಲಾವಿದರನ್ನು ತನ್ನ ಮನೆಯ ಊಟದ ಮೇಜಿಗೆ ಕರೆಸಿ ಹೆಸರಾದವಳು. ಆಮೇಲೆ 1789ರ ಕ್ರಾಂತಿ ಬರುತ್ತದೆ, ಮದ್ಯ ನಿಷೇಧದ ಕಾಲದ ಶಿಕಾಗೋ ಬರುತ್ತದೆ, ಎರಡನೇ ಮಹಾಯುದ್ಧದ ಸೆರೆಮನೆ ಬರುತ್ತದೆ. ಆದರೆ ಪ್ರತಿ ಕಡೆಯೂ ನಾಟಕದ ಪರದೆ ಇಳಿಸಿದ ಹಾಗೆ ಇಳಿಸಿ, ಮುಂದೆ ಆ್ಯಡಿ ಮತ್ತು ಲೂಕ್ ಮಾತಾಡುತ್ತಾರೆ. ಪರದೆಯ ಹಿಂದೆ ಹೋಗುವುದೇ ಇಲ್ಲ. ಅವಳು ಲೂಕ್ ಜೊತೆ ಸಂಸಾರ ಮಾಡುವ ಊರು ನ್ಯೂ ಆರ್ಲಿಯನ್ಸ್. ಅದನ್ನು ಫ್ರೆಂಚರು ಕಟ್ಟಿದ್ದು 1718ರಲ್ಲಿ, ಅಂದರೆ ಅವಳು ಕಾಡಿಗೆ ಓಡಿದ ನಾಲ್ಕು ವರ್ಷಕ್ಕೆ. ಮುಂದಿನ ಶತಮಾನದಲ್ಲಿ ಗುಲಾಮರ ಮಾರಾಟಕ್ಕೆ ಅಮೆರಿಕದಲ್ಲೇ ಅತಿ ದೊಡ್ಡ ಪೇಟೆ ಆಗಿತ್ತು ಅದು. ಯಾರ ಸ್ವತ್ತೂ ಆಗಲಾರೆ ಅಂತ ಆತ್ಮವನ್ನೇ ಅಡ ಇಟ್ಟವಳಿಗೆ ಆ ಊರಿನಲ್ಲಿ ಈ ಯೋಚನೆ ಕಾಡದೇ ಇರುವುದು ಹೇಗೆ?

ಇನ್ನೊಂದು. ಆ್ಯಡಿ ಹುಟ್ಟುವ ಹೊತ್ತಿಗೆ ಪಾಂಡಿಚೇರಿಯಲ್ಲಿ ಫ್ರೆಂಚರು ಆಗಲೇ ಬೀಡುಬಿಟ್ಟಿದ್ದರು. ಅವಳು ಒಪ್ಪಂದ ಮಾಡಿಕೊಂಡ ವರ್ಷ, ಮುಂದೆ ಅಲ್ಲಿ ದುಬಾಷಿಯಾಗಲಿದ್ದ ಆನಂದರಂಗ ಪಿಳ್ಳೆ ಐದು ವರ್ಷದ ಹುಡುಗ. ಆತ 1736ರಿಂದ ಸಾಯುವವರೆಗೂ, ಅಂದರೆ 1761ರವರೆಗೂ, ತಮಿಳಿನಲ್ಲಿ ದಿನಚರಿ ಬರೆದಿಟ್ಟ. ಒಬ್ಬಳಿಗೆ ಒಂದು ಅಕ್ಷರ ಉಳಿಸಲು ಆಗುತ್ತಿಲ್ಲ, ಅದೇ ಕಾಲದಲ್ಲಿ ಅದೇ ಫ್ರೆಂಚರ ಕೈಕೆಳಗೆ ಇನ್ನೊಬ್ಬ ಸಂಪುಟಗಟ್ಟಲೆ ಬರೆಯುತ್ತಿದ್ದಾನೆ. ಹಸಿವಿನಿಂದಲೂ ಸಾಯದ, ಹಡಗು ಮುಳುಗಿದರೂ ಸಾಯದ ಹೆಂಗಸಿಗೆ ಒಂದು ಸಲವೂ ಈ ಕಡೆ ಬರಬೇಕು ಅನಿಸಲಿಲ್ಲ ಅನ್ನೋದು ನನಗೆ ಯಾಕೋ ಸರಿಹೋಗಲಿಲ್ಲ. ಯುರೋಪು, ಆಮೇಲೆ ಅಮೆರಿಕ. ಇಷ್ಟಕ್ಕೆ ಮುನ್ನೂರು ವರ್ಷ ಬೇಕಿತ್ತಾ?

ಹೆನ್ರಿ ಬಂದ ಮೇಲೆ ಪುಸ್ತಕಕ್ಕೆ ಜೀವ ಬರುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನಗೆ ಅಲ್ಲೇ ಬೋರಾಯಿತು. ಹೆನ್ರಿ ಬ್ರೂಕ್ಲಿನ್ನಿನ ಒಂದು ಹಳೆ ಪುಸ್ತಕದ ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗ. ಅಲ್ಲಿಂದ ಆ್ಯಡಿ ಗ್ರೀಕ್ ಭಾಷೆಯ ಒಡಿಸ್ಸಿ ಕದಿಯುತ್ತಾಳೆ. ಮರುದಿನ ಅದನ್ನೇ ಹಿಡಿದು ವಾಪಸ್ ಹೋದರೆ ಅವನು ಅವಳನ್ನು ಗುರುತು ಹಿಡಿಯುತ್ತಾನೆ. ಮುನ್ನೂರು ವರ್ಷದಲ್ಲಿ ಮೊದಲ ಸಲ. ಆ ಒಂದು ಪುಟಕ್ಕೆ ಮೈ ಜುಂ ಅಂದಿದ್ದು ನಿಜ. ಅಲ್ಲಿಯವರೆಗಿನ ಸುಸ್ತೆಲ್ಲ ಆ ಪುಟಕ್ಕಾಗಿ ಕಟ್ಟಿದ ಮೆಟ್ಟಿಲು ಅಂತ ಆಗ ಗೊತ್ತಾಯಿತು. ಬೇಗ ಓದಿಸಿಕೊಂಡು ಹೋಗುವ ಪುಸ್ತಕ ಆಗಿದ್ದರೆ ಆ ಮಾತು ಅಷ್ಟು ಜೋರಾಗಿ ಕೇಳಿಸುತ್ತಲೇ ಇರಲಿಲ್ಲ.

ಆಮೇಲೆ ಶುರುವಾಗುವುದು ಬೇರೆ ನಿಧಾನ. ಫ್ರಾನ್ಸಿನ ನಿಧಾನದಲ್ಲಿ ಅದೇ ಪ್ರಸಂಗ ಮರುಕಳಿಸಿದರೂ ಪ್ರತಿ ಸಲ ಏನೋ ಒಂದು ಬದಲಾಗಿರುತ್ತದೆ. ಅವಳು ಒಂದು ಹೊಸ ತಂತ್ರ ಕಲಿತಿರುತ್ತಾಳೆ, ಒಂದು ಆಸೆ ಬಿಟ್ಟಿರುತ್ತಾಳೆ. ನ್ಯೂಯಾರ್ಕಿನ ನಿಧಾನದಲ್ಲಿ ಕಾಫಿ, ಪಾರ್ಟಿ, ಗೆಳೆಯರ ಮುನಿಸು, ಮತ್ತೆ ಕಾಫಿ. ಹೆನ್ರಿಗೂ ಒಂದು ಒಪ್ಪಂದ ಇದೆ ಅಂತ ನಡುವೆ ತಿಳಿಯುತ್ತದೆ. ಯಾರಿಗೂ ತಾನು ಸಾಲುವುದಿಲ್ಲ ಅನ್ನೋ ಸಂಕಟದಲ್ಲಿ, ಎಲ್ಲರೂ ತನ್ನನ್ನು ಇಷ್ಟಪಡಬೇಕು ಅಂತ ಅವನೂ ಲೂಕ್‌ನ ಕೈಗೆ ಬಿದ್ದಿದ್ದಾನೆ. ಬದಲಿಗೆ ಅವನಿಗೆ ಉಳಿದಿರುವುದು ಒಂದೇ ವರ್ಷ. ಜನ ಅವನಲ್ಲಿ ತಮಗೆ ಬೇಕಾದ್ದನ್ನು ಕಂಡು ಮರುಳಾಗುತ್ತಾರೆ, ಅವನನ್ನು ಕಾಣುವುದಿಲ್ಲ. ಒಬ್ಬಳಿಗೆ ಕಾಲ ಮುಗಿಯುವುದಿಲ್ಲ, ಇನ್ನೊಬ್ಬನಿಗೆ ಉಳಿದಿಲ್ಲ. ಒಳ್ಳೆಯ ಕಟ್ಟು, ಒಪ್ಪುತ್ತೇನೆ. ಆದರೆ ಅವಳು ಅವನ ಜೊತೆ ಮಾತಾಡುವಾಗ ಮುನ್ನೂರ ಇಪ್ಪತ್ತಮೂರು ವರ್ಷದವಳು ಅನಿಸುವುದೇ ಇಲ್ಲ. ಇಪ್ಪತ್ತಮೂರರ ಹುಡುಗಿ, ಮೊದಲ ಪ್ರೀತಿ. ಮೈಗೆ ವಯಸ್ಸಾಗಲಿಲ್ಲ, ಸರಿ. ಮಾತಿಗೂ ಆಗಬಾರದಾ? ಮೂರು ಶತಮಾನ ಕಂಡವಳು ಒಂದಿಷ್ಟು ವಿಚಿತ್ರ ಆಗಬೇಕು. ನಗಬಾರದ ಕಡೆ ನಗಬೇಕು, ಈಗಿನ ಯಾವುದೋ ಗಲಾಟೆ ನೋಡಿ ಇದು ಇನ್ನು ಹತ್ತು ವರ್ಷ ಅಷ್ಟೇ ಅಂತ ಸುಮ್ಮನಾಗಬೇಕು. ನಮ್ಮ ಮನೆಯ ಎಂಬತ್ತು ದಾಟಿದ ದೊಡ್ಡಮ್ಮನಿಗೇ ಆ ಗತ್ತು ಇದೆ.

ಕೊನೆಯ ಭಾಗಕ್ಕೆ ಬಂದಾಗ ಮತ್ತೆ ಹಿಡಿತ ಸಿಗುತ್ತದೆ. ಹೆನ್ರಿಯ ಜೀವ ಉಳಿಸಲು ಆ್ಯಡಿ ಲೂಕ್ ಜೊತೆ ಹೊಸ ಒಪ್ಪಂದ ಮಾಡಿಕೊಳ್ಳುತ್ತಾಳೆ. ನಿನಗೆ ನಾನು ಬೇಕು ಅನಿಸುವಷ್ಟು ಕಾಲ ನಿನ್ನ ಜೊತೆ ಇರುತ್ತೇನೆ, ಅಷ್ಟೇ ಷರತ್ತು. ಲೂಕ್‌ಗೆ ಗೆದ್ದೆ ಅನ್ನೋ ಖುಷಿ. ಹೆನ್ರಿ ಅವಳ ಕಥೆ ಬರೆದು ಪುಸ್ತಕ ಮಾಡುತ್ತಾನೆ. ಲಂಡನ್ನಿನ ಒಂದು ಅಂಗಡಿಯಲ್ಲಿ ಅದು ಅವಳ ಕಣ್ಣಿಗೆ ಬೀಳುತ್ತದೆ. ಪಕ್ಕದಲ್ಲಿರುವ ಲೂಕ್‌ಗೆ ಗೊತ್ತಿಲ್ಲದ ವಿಷಯ ಒಂದಿದೆ. ಅವನು ಹಾಕಿದ ಷರತ್ತುಗಳಲ್ಲಿನ ಸಂದುಗಳನ್ನು ಹುಡುಕಲು ಅವಳು ಮುನ್ನೂರು ವರ್ಷ ಅವನಿಂದಲೇ ಪಾಠ ಕಲಿತಿದ್ದಾಳೆ. ಇನ್ನು ಮುಂದೆ ಅವಳ ಕೆಲಸ ಅವನಿಗೆ ತನ್ನ ಮೇಲೆ ಬೇಸರ ಹುಟ್ಟಿಸುವುದು. ದೇವರಂಥವನಿಗೆ ಬೇಸರ ಬರಿಸಬೇಕು, ಅದೂ ಗುಮಾನಿ ಬಾರದ ಹಾಗೆ. ಅದಕ್ಕೆ ಹತ್ತು ವರ್ಷ ಹಿಡಿಯಬಹುದು, ಇನ್ನೂರು ಹಿಡಿಯಬಹುದು.

ಇಲ್ಲಿಗೆ ಕಾದಂಬರಿ ಮುಗಿಯುತ್ತದೆ. ನನಗೆ ಸಿಟ್ಟೇ ಬಂತು. ನಿಜವಾದ ನಿಧಾನದ ಕಥೆ ಶುರುವಾಗಬೇಕಿದ್ದದ್ದು ಈಗ. ದಿನ ಬೆಳಗಾದರೆ ಒಂದೇ ಮನೆಯಲ್ಲಿ ಎದುರು ಬದುರು ಕೂತು, ನಗುನಗುತ್ತಾ ಒಬ್ಬರನ್ನೊಬ್ಬರು ಸವೆಸುವ ಇಬ್ಬರು. ಅಡುಗೆ, ಮೌನ, ಸಣ್ಣ ಸಣ್ಣ ಚುಚ್ಚುಮಾತು, ಹಬ್ಬ, ಮತ್ತೆ ಅಡುಗೆ. ಆ ಪುಸ್ತಕ ಸಾವಿರ ಪುಟ ಇದ್ದರೂ ನಾನು ಮಾಮೂಲಿ ವೇಗದಲ್ಲೇ ಓದುತ್ತಿದ್ದೆ, ನ್ಯೂಯಾರ್ಕಿನ ಪಾರ್ಟಿಗಳನ್ನು ಬಿಟ್ಟುಕೊಡಿ ಅಂದರೆ ಸಂತೋಷವಾಗಿ ಬಿಟ್ಟುಕೊಡುತ್ತಿದ್ದೆ.